ಹೊರೆಗಲ್ಲಿನಿಂದ ಕೆಳಗೆ

ಮಂಜುನಾಥಪ್ಪನಿಗೆ ಈ ಲೋಕದಲ್ಲಿ ಒಬ್ಬನೇ ಗೆಳೆಯ, ಆ ಗೆಳೆತನವೂ ವರ್ಷಕ್ಕೆ ಒಂದು ಗಂಟೆಯದು. ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. ನಿಟ್ಟೂರಿನಿಂದ ಆಚೆ, ಘಟ್ಟ ಕಡಿದಾಗಿ ಇಳಿಯುವ ಅಂಚಿನಲ್ಲಿ ಅವನ ಮನೆ. ಅಲ್ಲಿಂದ ಒಂದು ಕಾಲುದಾರಿ ಕಾಡೊಳಗೆ ಇಳಿದು ಕರಾವಳಿಯ ಬಯಲು ಸೇರುತ್ತದೆ. ದಾರಿಯ ನಟ್ಟನಡುವೆ, ನಿಲ್ಲಿಸಿದ ಎರಡು ಕಲ್ಲುಗಳ ಮೇಲೆ ಎದೆಯೆತ್ತರಕ್ಕೆ ಒಂದು ಹಾಸುಗಲ್ಲು ಇದೆ. ಹಿಂದೆ ಉಪ್ಪು, ಒಣಮೀನು ಹೊತ್ತು ಹತ್ತುತ್ತಿದ್ದವರು, ಅಕ್ಕಿ ಹೊತ್ತು ಇಳಿಯುತ್ತಿದ್ದವರು ಯಾರ ಕೈಯ ಸಹಾಯವೂ ಇಲ್ಲದೆ ತಲೆಹೊರೆ ಇಳಿಸಿಕೊಳ್ಳಲೆಂದು ಮಾಡಿದ ಹೊರೆಗಲ್ಲು ಅದು. ಈಗ ಹೊರೆಯೂ ಇಲ್ಲ, ಹೊರುವವರೂ ಇಲ್ಲ. ಕಲ್ಲು ಮಾತ್ರ ನಿಂತಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ದಾರಿ ದಾರಿಯಾಗಿ ಉಳಿದಿರುವುದಿಲ್ಲ. ಬೆತ್ತದ ಬಳ್ಳಿ, ಸೀಗೆಮುಳ್ಳು, ಆಳೆತ್ತರದ ಜರಿಗಿಡ ಎಲ್ಲ ಸೇರಿ ಅದನ್ನು ನುಂಗಿ ಕೂತಿರುತ್ತವೆ. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿಟ್ಟಿದ್ದರು. ಭೂಮಿ ಹುಣ್ಣಿಮೆ ಕಳೆದ ಮಾರನೆಯ ದಿನದಿಂದ ಮೇಲಿನ ಮನೆಯವರು ಮೇಲಿನಿಂದ ದಾರಿ ಸವರುತ್ತ ಇಳಿಯಬೇಕು, ಕೆಳಗಿನ ಮನೆಯವರು ಕೆಳಗಿನಿಂದ ಸವರುತ್ತ ಹತ್ತಬೇಕು. ಐದನೆಯ ದಿನ ಮಧ್ಯಾಹ್ನ ಇಬ್ಬರೂ ಹೊರೆಗಲ್ಲಿನ ಹತ್ತಿರ ಎದುರಾಗಬೇಕು. ಮೇಲಿನವರ ಬುತ್ತಿ ಕೆಳಗಿನವರು ಉಣ್ಣುವುದು, ಕೆಳಗಿನವರದು ಮೇಲಿನವರು. ಆಮೇಲೆ ಬೆನ್ನು ತಿರುಗಿಸಿ ಅವರವರ ಮನೆಗೆ.

ಮಂಜುನಾಥಪ್ಪ ಹದಿನೇಳನೆಯ ವಯಸ್ಸಿಗೆ ಅಪ್ಪನ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಸಲ ಇಳಿದಾಗ, ಎದುರಿನಿಂದ ಅವನದೇ ವಯಸ್ಸಿನ ಶೀನ ಪೂಜಾರಿ ಬೆವರು ಸುರಿಸುತ್ತ ಹತ್ತಿ ಬಂದಿದ್ದ. ಬಂದವನೇ ಬಾಯಿ ತೆರೆದ. ಊಟ ಮುಗಿಯುವವರೆಗೂ ಮುಚ್ಚಲಿಲ್ಲ. ಕಡಲು, ದೋಣಿ, ಯಕ್ಷಗಾನ, ಪಕ್ಕದ ಮನೆಯ ಜಗಳ, ಅವನ ಹತ್ತಿರ ಇಲ್ಲದ ಸುದ್ದಿಯೇ ಇರಲಿಲ್ಲ. ಮಂಜುನಾಥಪ್ಪ ಮಾತಿನಲ್ಲಿ ಕಡು ಜಿಪುಣ. ಅವನಿಗೆ ಹಾಗೆ ಕೂತು ಕೇಳುವುದೇ ಹಬ್ಬವಾಯಿತು. ಅಂದಿನಿಂದ ನಲವತ್ತನಾಲ್ಕು ವರ್ಷ. ಒಂದು ವರ್ಷವೂ ತಪ್ಪಿದ್ದಿಲ್ಲ.

ಮದುವೆ ಅವನಿಗೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ "ಆಗ್ಲಿಲ್ಲ" ಎನ್ನುವುದು ಬಿಟ್ಟು ಬೇರೆ ಉತ್ತರ ಕೊಟ್ಟವನಲ್ಲ. ತಮ್ಮನ ಮನೆಯ ಪಕ್ಕಕ್ಕೆ ಒಂದು ಕೋಣೆ ಹಾಕಿಕೊಂಡಿದ್ದಾನೆ, ಊಟ ತಮ್ಮನ ಹೆಂಡತಿ ಗುತ್ಯಮ್ಮನ ಕೈಯದು. ಬೇಸಿಗೆಯಲ್ಲಿ ಕೂಲಿ, ಚಳಿಗಾಲದಲ್ಲಿ ಎಲ್ಲೋ ಎರಡು ಗುಂಪು ಚಾರಣದವರು ಬಂದರೆ ಅವರಿಗೆ ದಾರಿ ತೋರಿಸುವುದು. ಫಾರೆಸ್ಟ್ ಗಾರ್ಡ್ ಅವನ ಕತ್ತಿಗೆ ಅಡ್ಡ ಬರುವುದಿಲ್ಲ, ಹಸಿ ಮರ ಮುಟ್ಟಬಾರದು ಎಂಬುದೊಂದೇ ಷರತ್ತು. ಊರಿನ ಹುಡುಗರಿಗೆ ಮಾತ್ರ ಅವನೊಂದು ತಮಾಷೆ. ಬಸ್ಸು ಹತ್ತಿದರೆ ಎರಡು ಗಂಟೆಯಲ್ಲಿ ಕೆಳಗೆ ಮುಟ್ಟುವ ಕಾಲದಲ್ಲಿ ಯಾರಿಗಾಗಿ ಈ ಮನುಷ್ಯ ಮೈಯೆಲ್ಲ ಉಂಬಳ ಕಚ್ಚಿಸಿಕೊಂಡು ಕಾಡು ಸವರುತ್ತಾನೆ ಎಂದು ಅವರಿಗೆ ನಗು. ಅವನು ಯಾರಿಗಾಗಿ ಸವರುತ್ತಾನೆ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಐದನೆಯ ದಿನದ ಆ ಒಂದು ಗಂಟೆಗಾಗಿ.

ಹಿರಿಯರ ಕಟ್ಟಿನಲ್ಲಿ ಇನ್ನೊಂದು ಮಾತಿತ್ತು. ಹೊರೆಗಲ್ಲು ದಾಟಿ ಆಚೆಯವರ ಪಾಲಿನ ದಾರಿಗೆ ಕತ್ತಿ ಹಾಕಬಾರದು. ಹಾಕುವುದು ಒಂದೇ ಸಂದರ್ಭದಲ್ಲಿ: ಆಚೆ ಮನೆಯಲ್ಲಿ ಸಾವಾಗಿ, ಸೂತಕದಲ್ಲಿ ಸವರುವವರೇ ಇಲ್ಲದಾದಾಗ. ಆಗ ಈಚೆಯವರು ಪೂರ್ತಿ ದಾರಿ ಸವರಿಕೊಂಡು, ಸಾವಿನ ಮನೆಗೆಂದು ನಾಲ್ಕು ಸೇರು ಅಕ್ಕಿ, ಒಂದು ಬೂದುಗುಂಬಳ ಹೊತ್ತು ಹೋಗಬೇಕು. ಶೀನನ ಅಪ್ಪ ತೀರಿಕೊಂಡ ವರ್ಷ ಮಂಜುನಾಥಪ್ಪ ಹಾಗೆ ಇಳಿದು ಹೋಗಿದ್ದ. ಮಂಜುನಾಥಪ್ಪನ ಅಮ್ಮ ಹೋದಾಗ ಶೀನ ಹತ್ತಿ ಬಂದಿದ್ದ. ಅಂಗಳದ ತುದಿಯಲ್ಲಿ ಮುಂಡಾಸು ಬಿಚ್ಚಿ ನಿಂತು, ಅಷ್ಟು ಮಾತಿನ ಮನುಷ್ಯ ಬಾಯಿ ಕಟ್ಟಿದವನ ಹಾಗೆ ಅತ್ತಿದ್ದ. ಅದನ್ನು ಮಂಜುನಾಥಪ್ಪ ಇವತ್ತಿಗೂ ಮರೆತಿಲ್ಲ.

ಹೋದ ವರ್ಷದ ಭೂಮಿ ಹುಣ್ಣಿಮೆಗೂ ಶೀನ ಬಂದಿದ್ದ. ಈ ವರ್ಷ ಐದನೆಯ ದಿನ ಮಂಜುನಾಥಪ್ಪ ಹೊರೆಗಲ್ಲಿಗೆ ಬಂದು ನೋಡಿದರೆ ಆಚೆಗೆ ಕಾಡು ಹಾಗೇ ನಿಂತಿತ್ತು. ಒಂದು ಎಲೆ ಕಡಿದ ಗುರುತಿಲ್ಲ. ತಡವಾಗಿರಬೇಕೆಂದು ಕೂತ. ಅವಲಕ್ಕಿ ಗಂಟು ಬಿಚ್ಚಲಿಲ್ಲ. ಬಿಸಿಲು ಇಳಿಯುವವರೆಗೆ ಕಾದು ಮನೆಗೆ ಬಂದ. ಮಾರನೆಯ ದಿನವೂ ಹೋಗಿ ಕೂತ. ಮೂರನೆಯ ದಿನ ಗುಡ್ಡದ ನೆತ್ತಿ ಹತ್ತಿ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ನಿಂತು ಶೀನನ ನಂಬರು ಒತ್ತಿದ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಫೋನಿನೊಳಗಿನ ಹೆಂಗಸು ಹೇಳಿದಳು. ನಾಲ್ಕು ಸಲ ಒತ್ತಿದ, ನಾಲ್ಕು ಸಲವೂ ಅದನ್ನೇ ಹೇಳಿದಳು.

ಸಂಜೆ ಅವನು ಊಟದ ಮುಂದೆ ಸುಮ್ಮನೆ ಕೂತಿದ್ದು ನೋಡಿ ಗುತ್ಯಮ್ಮ ಕೇಳಿದಳು.

"ಬಸ್ಸಿಗೆ ಹೋಗಿ ನೋಡ್ಕಂಡ್ ಬಂದ್ರೆ ಆಗಲ್ವಾ ಬಾವ?"

"ಬಸ್ಸಿಗೆ ಹೋಗಿ ಎಂಥ ಕೇಳದು? ಇದಾನಾ ಸತ್ತಾನಾ ಅಂತನಾ?"

"ಇದ್ರೆ ಮಾತಾಡ್ಸ್ಕಂಡ್ ಬರದು."

"ಇಲ್ದಿದ್ರೆ? ಸಾವಿನ ಮನೀಗೆ ಬಸ್ಸಿಳಿದು ಕೈ ಬೀಸ್ಕಂಡು ಹೋಗದಾ? ಅವ ನನ್ನ ಅಮ್ಮಂಗೆ ಇಡೀ ಘಟ್ಟ ಸವರ್ಕಂಡು ಬಂದಿದ್ದ."

ಬಾವನ ಹಟ ಗುತ್ಯಮ್ಮನಿಗೆ ಹೊಸದಲ್ಲ.

ಅವನಿಗಿದ್ದದ್ದು ಹಟವಲ್ಲ, ಭಯ. ಹೊರೆಗಲ್ಲು ದಾಟಿ ಕತ್ತಿ ಬೀಸುವುದೆಂದರೆ ಶೀನ ಸತ್ತ ಎಂದು ತಾನೇ ಒಪ್ಪಿಕೊಂಡಂತೆ. ಬದುಕಿರುವವನ ಪಾಲಿಗೆ ಕತ್ತಿ ಹಾಕಿದರೆ ಅದಕ್ಕಿಂತ ಕೆಟ್ಟ ಶಕುನ ಬೇರೆಯಿಲ್ಲ. ಹಾಕದೆ ಸುಮ್ಮನಿದ್ದರೆ, ಹೋದವನಿಗೆ ಗೆಳೆಯ ಎಂಬವನೊಬ್ಬ ಇದ್ದೂ ಬರಲಿಲ್ಲ ಎಂದಾಗುತ್ತದೆ. ಎರಡು ದಿನ ಇದೇ ಯೋಚನೆಯಲ್ಲಿ ಒದ್ದಾಡಿದ. ಮೂರನೆಯ ದಿನ ಬೆಳಿಗ್ಗೆ ಗುತ್ಯಮ್ಮನ ಹತ್ತಿರ ನಾಲ್ಕು ಸೇರು ಅಕ್ಕಿ ಕೇಳಿದ. ಅವಳು ಅಳೆದು ಚೀಲಕ್ಕೆ ಸುರಿದು, ಅಟ್ಟದಿಂದ ಒಂದು ಬೂದುಗುಂಬಳ ಇಳಿಸಿ ಕೊಟ್ಟಳು. ಕಣ್ಣೊರೆಸಿಕೊಂಡಳು ಕೂಡ. ಶೀನನನ್ನು ಅವಳು ನೋಡಿದ್ದು ಜೀವಮಾನದಲ್ಲಿ ಒಂದೇ ಸಲ.

ಹೊರೆಗಲ್ಲಿನ ಮೇಲೆ ಚೀಲ ಇಟ್ಟು ಮಂಜುನಾಥಪ್ಪ ಆಚೆಗೆ ಮೊದಲ ಕತ್ತಿ ಬೀಸಿದ. ಬೆತ್ತದ ಬಳ್ಳಿಯೊಂದು ತುಂಡಾಗಿ ಬಿತ್ತು. ಆಗ ಅವನಿಗೆ ಅಳು ಬಂತು. ಅಮ್ಮ ಸತ್ತಾಗಲೂ ಹಾಗೆ ಅತ್ತವನಲ್ಲ. ಕಾಡಿನಲ್ಲಿ ಕೇಳುವವರು ಯಾರೂ ಇಲ್ಲದ್ದರಿಂದ ದೊಡ್ಡದಾಗಿಯೇ ಅತ್ತ, ಅಳುತ್ತಲೇ ಸವರಿದ.

ಕೆಳಗಿನ ಪಾಲು ಸವರಲು ಮೂರು ದಿನ ಹಿಡಿಯಿತು. ರಾತ್ರಿ ಮನೆಗೆ ಮರಳದೆ ಬಂಡೆಯ ಸಂದಿನಲ್ಲೇ ಮಲಗಿದ, ಹಳ್ಳದ ನೀರಿನಲ್ಲಿ ಅವಲಕ್ಕಿ ನೆನೆಸಿ ತಿಂದ. ಅರವತ್ತೊಂದರ ಮೈ, ಭುಜ ಬಾತುಕೊಂಡಿತು. ಆದರೂ ಅವನು ಒಂದು ಮುಳ್ಳನ್ನೂ ಹಾಗೇ ಬಿಟ್ಟು ಮುಂದೆ ಹೋಗಲಿಲ್ಲ. ಜೀವನದಲ್ಲಿ ಯಾವತ್ತೂ ಅಷ್ಟು ಚೊಕ್ಕವಾಗಿ ದಾರಿ ಸವರಿರಲಿಲ್ಲ. ಕೆಲಸ ಮಾಡುತ್ತ ಶೀನನ ಜೊತೆ ಮಾತಾಡಿದ. ನಲವತ್ತನಾಲ್ಕು ವರ್ಷ ಬರೀ ಕೇಳಿಸಿಕೊಂಡವನು ಈಗ ತನ್ನದನ್ನೆಲ್ಲ ಹೇಳಿದ. ಮಂಡಗದ್ದೆಯ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದು, ಅವಳು ಒಪ್ಪಿದರೂ ಅವಳ ಅಣ್ಣ ಒಪ್ಪದೆ ಹೋಗಿದ್ದು, ತಮ್ಮನ ಮಕ್ಕಳು ತನ್ನನ್ನು ಕರೆಯದೆಯೇ ಫೋಟೋ ತೆಗೆಸಿಕೊಂಡಿದ್ದು. ಎದುರಿಗೆ ಕೂತಾಗ ಹೇಳಬೇಕಾಗಿದ್ದದ್ದು ಈಗ ನೆನಪಾಗಿ ಮತ್ತೆ ಅಳು ಬರುತ್ತಿತ್ತು. ಆದರೆ ಒಂದು ಮಾತು ನಿಜ. ಆ ಮೂರು ದಿನ ಅವನು ಒಂಟಿಯಾಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಾಡು ಮುಗಿದು ಶೀನನ ತೋಟದ ಬೇಲಿ ಕಂಡಿತು. ಅಂಗಳದಲ್ಲಿ ಜನ ತುಂಬಿದ್ದರು. ತಿಥಿಯ ದಿನಕ್ಕೇ ಬಂದೆನಲ್ಲ ಎಂದುಕೊಂಡ ಮಂಜುನಾಥಪ್ಪ. ಅಂಗಳದ ತುದಿಯಲ್ಲಿ ಮುಂಡಾಸು ಬಿಚ್ಚಿ, ಚೀಲ ಕಾಲ ಬಳಿ ಇಟ್ಟು, ತಲೆ ಬಗ್ಗಿಸಿ ನಿಂತ. ಮನೆಯವರು ಬಂದು ನೀರು ಕೊಡುವವರೆಗೆ ಹಾಗೆ ನಿಲ್ಲಬೇಕು.

ಬಂದವಳು ಶೀನನ ಸೊಸೆ ಶಿಲ್ಪಶ್ರೀ. ಕೈಯಲ್ಲಿ ನೀರಿರಲಿಲ್ಲ, ಇಡ್ಲಿಯ ತಟ್ಟೆಯಿತ್ತು. ಕೆದರಿದ ತಲೆ, ರಕ್ತ ಒಣಗಿದ ಕಾಲು, ಸೊಂಟದ ಕತ್ತಿ ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಮಾವಾ, ಯಾರೋ ಬಂದಿರ್ ಕಾಣಿ."

ಜನರ ನಡುವಿನಿಂದ ಶೀನ ಪೂಜಾರಿ ಎದ್ದು ಬಂದ. ತಲೆಗೆ ನೀಲಿ ಟೋಪಿ, ಕಾಲಿಗೆ ಬಿಳಿ ಬೂಟು. ಹೋದ ವರ್ಷಕ್ಕಿಂತ ಎರಡು ಸುತ್ತು ದಪ್ಪಗಾಗಿದ್ದ.

"ಹ್ವಾಯ್, ಮಂಜಣ್ಣ! ನೀ ಎಂತ ಇಲ್ಲ್ ಬಂದದ್ದ್?"

ಶೀನ ಅವನ ಕೈ ಹಿಡಿದು ಎಳೆದು ಕುರ್ಚಿಯಲ್ಲಿ ಕೂರಿಸಿದ. ಪ್ರೀತಿಗೇನೂ ಕಮ್ಮಿಯಿರಲಿಲ್ಲ, ಅದನ್ನು ಹೇಳಲೇಬೇಕು. ಮಾತು ಹಿಂದಿನ ಹಾಗೇ ಹೊಳೆಯಾಗಿ ಹರಿಯಿತು. ಮಗ ವ್ಯಾನು ತೆಗೆದಿದ್ದಾನಂತೆ. ಕಡಲ ಬದಿಯ ಪೇಟೆಗೆ ಬರುವ ಪ್ರವಾಸಿಗರನ್ನು ಶೀನ ಬೆಳಿಗ್ಗೆ ನಡೆಸಿಕೊಂಡು ಹೋಗುತ್ತಾನಂತೆ. ಮರಳ ಮೇಲೆ ಒಂದು ದಾರಿ, ಹೊಳೆ ಕಡಲು ಸೇರುವಲ್ಲಿಗೆ ಒಂದು, ದೀಪಸ್ತಂಭಕ್ಕೆ ಒಂದು, ಹೀಗೆ ಐದು. ನಡಿಗೆ ಮುಗಿಸಿ ವ್ಯಾನಿನಲ್ಲಿ ಇಲ್ಲಿಗೆ ಕರೆತಂದು ಹಳ್ಳಿಮನೆಯ ತಿಂಡಿ. ಬಣ್ಣದ ಕಾಗದವೊಂದನ್ನು ಬಿಡಿಸಿ ತೋರಿಸಿದ. ಐದು ದಾರಿಗೂ ಐದು ಬಣ್ಣದ ಗೆರೆ. ಮಂಜುನಾಥಪ್ಪ ಕಾಗದದ ಮೂಲೆ ಮೂಲೆಯನ್ನೂ ಹುಡುಕಿದ.

"ನಮ್ಮ ದಾರಿ ಇದ್ರಾಗೆ ಇಲ್ವಾ?"

"ಅದನ್ನ ಬಿಟ್ಟೆ ಮರಾಯಾ. ಆ ದಾರ್ಯಂಗೆ ಈಗ ಯಾರ್ ಹೋತ್ರ್? ನಂಗೂ ಸಾಕಾಯ್ತ್. ಇಲ್ಲ್ ಕಾಣ್, ಎಲ್ಲಾ ಸಮ ಜಾಗ, ಹತ್ತುಕಿಲ್ಲೆ, ಇಳಿಯುಕಿಲ್ಲೆ."

"ಒಂದು ಮಾತು ಹೇಳಿ ಕಳಿಸ್ಬೋದಿತ್ತು."

"ಹೇಳ್ಕ್ ಅಂದೇಳಿ ಇದ್ದೆ, ಮರ್ತೇ ಹೋಯ್ತ್. ಫೋನೂ ಹೊಸ್ತ್ ತಕಂಡೆ, ನಂಬ್ರ ಎಲ್ಲ ಹೋಯ್ತ್."

ಅಷ್ಟರಲ್ಲಿ ಶೀನನ ಕಣ್ಣು ಚೀಲದ ಮೇಲೆ ಬಿತ್ತು. ಬೂದುಗುಂಬಳ ಅರ್ಧ ಹೊರಗೆ ಇಣುಕುತ್ತಿತ್ತು. ಅಂಗಳದ ತುದಿಯ ಕಡೆ ನೋಡಿದ, ಬೇಲಿಯಾಚೆ ಹೊಸದಾಗಿ ತೆರೆದಿದ್ದ ದಾರಿ ನೋಡಿದ, ಬಿಚ್ಚಿದ ಮುಂಡಾಸು ನೋಡಿದ. ಒಂದು ಗಳಿಗೆ ಅವನ ಮುಖ ಬಿಳಿಚಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ನಾ ಸತ್ತೆ ಅಂದೇಳಿ ಬಂದ್ಯಾ! ಅಯ್ಯೋ ದೇವ್ರೇ! ಇಲ್ಲ್ ಬನ್ನಿ, ಎಲ್ಲರೂ ಕೇಳಿ!"

ಪ್ರವಾಸಿಗರನ್ನೆಲ್ಲ ಕರೆದು, ಹಿರಿಯರ ಕಟ್ಟು, ಹೊರೆಗಲ್ಲು, ಸಾವಿನ ಅಕ್ಕಿ ಎಲ್ಲವನ್ನೂ ಬಿಡಿಸಿ ಹೇಳಿದ. ಚೆನ್ನಾಗಿಯೇ ಹೇಳಿದ, ಕತೆ ಹೇಳುವುದರಲ್ಲಿ ಅವನು ಎತ್ತಿದ ಕೈ. ಜನ ಬಿದ್ದು ಬಿದ್ದು ನಕ್ಕರು. ಒಬ್ಬಳು "ಸೋ ಸ್ವೀಟ್ ಅಂಕಲ್" ಎಂದಳು. ಇನ್ನೊಬ್ಬ ಶೀನನ ಕೈಗೆ ಕುಂಬಳಕಾಯಿ ಕೊಟ್ಟು, ಮಂಜುನಾಥಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದ. ನಗಿ ಎಂದರು. ಮಂಜುನಾಥಪ್ಪ ನಕ್ಕ.

ಇಡ್ಲಿ ತಿಂದ, ಕಾಫಿ ಕುಡಿದ. ಉಳಿದುಕೊಳ್ಳಲು ಶೀನ ಒತ್ತಾಯಿಸಿದ, ಒಲ್ಲೆ ಎಂದು ಅಕ್ಕಿಯ ಚೀಲ ಅಲ್ಲೇ ಬಿಟ್ಟು ಎದ್ದ. ಸವರಿದ ದಾರಿ ಬೇಲಿಯಾಚೆ ಬಾಯಿ ತೆರೆದು ಬಿದ್ದಿತ್ತು. ಅದರ ಕಡೆ ನೋಡದೆ ಟಾರು ರಸ್ತೆಗೆ ನಡೆದು ಕೊಲ್ಲೂರಿನ ಬಸ್ಸು ಹತ್ತಿದ, ಅಲ್ಲಿಂದ ನಿಟ್ಟೂರಿನ ಬಸ್ಸು. ಘಟ್ಟದ ತಿರುವಿನಲ್ಲಿ ಮೈ ವಾಲುತ್ತಿರುವಾಗ ಅವನಿಗೆ ಒಂದು ಯೋಚನೆ ಬಂತು, ಬಂದ ಕೂಡಲೇ ನಾಚಿಕೆಯೂ ಆಯಿತು. ಶೀನ ಸತ್ತೇ ಹೋಗಿದ್ದರೆ ಚೆನ್ನಾಗಿತ್ತು. ಸತ್ತಿದ್ದರೆ ಗೆಳೆಯನೊಬ್ಬ ಇದ್ದ ಎಂದಾದರೂ ಇರುತ್ತಿತ್ತು. ಅವನು ಬದುಕಿರುವುದಕ್ಕೆ ಸಂತೋಷ ಪಡಬೇಕೆಂದು ಮನಸ್ಸನ್ನು ಎಷ್ಟು ಬೈದರೂ ಅದು ಕೇಳಲಿಲ್ಲ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಗುತ್ಯಮ್ಮ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತಳು. ಬಾವನ ಕೈಯಲ್ಲಿ ಚೀಲವಿರಲಿಲ್ಲ.

"ಎಂಥಾಯ್ತು ಬಾವ? ಶೀನಣ್ಣ..."

"ತೀರ್ಕಂಡ."

"ಯಾವಾಗ?"

"ಗೊತ್ತಿಲ್ಲ. ನಂಗೆ ಇವತ್ತು ಗೊತ್ತಾಯ್ತು."

ಗುತ್ಯಮ್ಮ ಲೊಚಗುಟ್ಟಿ ಹಾಲಿನ ಚೊಂಬು ಜಗಲಿಯ ಮೇಲಿಟ್ಟಳು. ಸಾವಿನ ಮನೆಯಿಂದ ಬಂದವರು ಮೀಯದೆ ಒಳಗೆ ಕಾಲಿಡುವಂತಿಲ್ಲ. ಅವಳು ಬಚ್ಚಲ ಒಲೆಗೆ ಬೆಂಕಿ ಮಾಡಿ, ಹಂಡೆಯ ನೀರು ಕಾಯಿಸಿ ಕೂಗಿದಳು. ಮಂಜುನಾಥಪ್ಪ ಬಚ್ಚಲಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಗೆಳೆಯನ ಹೆಸರು ಹೇಳಿ ತಲೆಯ ಮೇಲೆ ಮೂರು ಚೊಂಬು ನೀರು ಸುರಿದುಕೊಂಡ.