ಪಟ್ಟಿ ಹಚ್ಚಿದ ಆನೆಮರಿಯ ಪುಸ್ತಕ

ಶಾಲೆಯಲ್ಲಿ ನಾನು ಮೂರನೆಯ ಇಯತ್ತೆ ದಾಟುವುದು ಸಾಧ್ಯವೇ ಇಲ್ಲ ಎಂದವಳು ನನ್ನ ಸೋದರತ್ತೆ. ಹೋದ ವಾರ ಟ್ರಂಕಿನ ತಳದಿಂದ ಹಳೆಯ ಚಿತ್ರಪುಸ್ತಕವೊಂದು ಕೈಗೆ ಬಂತು. ಮೂಸಿದರೆ ಮೈದಾಹಿಟ್ಟಿನ ಅಂಟಿನ ಹುಳಿ ವಾಸನೆ. ಅದರ ಹಿಂದೆಯೇ ಅತ್ತೆಯ ಆ ಮಾತು, ಆಮೇಲೆ ನಮ್ಮ ಶಾಲೆಯ ಅಕ್ಕೋರು...

ಅರವತ್ತರ ದಶಕ. ವಿಜಾಪುರದ ಕಡೆಯಿಂದ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ನಾಸಿಕಕ್ಕೆ ಬಂದ ಅಪ್ಪ ಪಂಚವಟಿಯ ಗಲ್ಲಿಯೊಂದರಲ್ಲಿ ಸಂಸಾರ ಹೂಡಿದ್ದ. ನಾನು ಮೂರನೆಯ ಇಯತ್ತೆಗೆ ಬಂದಾಗ ಅವನು ಕಾಮಾಲೆಯಾಗಿ ತೀರಿಕೊಂಡ. ಅಲ್ಲಿಂದ ಶಾಲೆಯಲ್ಲಿ ನಾನು ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದೆ, ಶಾಲೆಯ ಬಾಗಿಲು ದಾಟಿದರೆ ಮುಗಿಯಿತು. ಬಾಯಿಮಾತಿನ ಪರೀಕ್ಷೆಯಲ್ಲಿ ಉತ್ತರಿಸದಿದ್ದರೆ ನಪಾಸು. ನಪಾಸಾದರೆ ಶಾಲೆ ಬಿಡಿಸುವುದೆಂದು ಅತ್ತೆ ಹಟ ಹಿಡಿದಿದ್ದಳು.

"ಮೂಕಿಗೆ ಎಂಥಾ ಸಾಲಿ? ನಾಕು ಮನಿ ಭಾಂಡೆ ತಿಕ್ಕಲಿ, ಅವು ಉತ್ತರಾ ಕೇಳೂದಿಲ್ಲ!"

"ನಿಮ್ಮ ಅಣ್ಣ ಇದ್ದಿದ್ರ ಹಿಂಗ ಅಂತಿದ್ರೇನ್ರಿ?" ಎಂದು ಅವ್ವ ಒಳಗೆ ಹೋದಳು.

ಶಾಲೆಯ ಶಿಕ್ಷಕಿಯನ್ನು ನಾವು ನಮ್ಮೂರ ಪದ್ಧತಿಯಂತೆ ಅಕ್ಕೋರು ಎನ್ನುತ್ತಿದ್ದೆವು. ಮರಾಠಿಯವರು, ಕನ್ನಡ ಬಾರದು. ಒಂದು ಮಧ್ಯಾಹ್ನದ ಬಿಡುವಿನಲ್ಲಿ ಈ ಪುಸ್ತಕವನ್ನು ನನ್ನ ಮುಂದಿಟ್ಟರು. ತಾಯಿ ಸತ್ತ ಆನೆಮರಿಯ ಚಿತ್ರಗಳು. ಅಕ್ಷರವಿದ್ದ ಕಡೆಯೆಲ್ಲ ಕಾಗದದ ಪಟ್ಟಿ ಅಂಟಿಸಿದ್ದರು.

"ತೂ ಸಾಂಗ್. ಘರಚ್ಯಾ ಭಾಷೇತ್." ನೀನೇ ಹೇಳು, ಮನೆಯ ಭಾಷೆಯಲ್ಲಿ.

ಪಟ್ಟಿಯ ಕೆಳಗೆ ಏನಿದೆ? ನನಗೆ ಅದೊಂದೇ ಚಿಂತೆ. ಉಗುರಿನಿಂದ ಕೆರೆಯಲು ಹೋದರೆ ಕೈ ಹಿಡಿದು ನಕ್ಕರು. ಮೂರನೆಯ ದಿನ ಪಿಸುಗುಟ್ಟಿದೆ: "ಅವ್ವ ಮಲಗ್ಯಾಳ. ಎಬ್ಬಸಬ್ಯಾಡ್ರಿ." ಅವರು ಅರ್ಥ ಕೇಳಲಿಲ್ಲ. ಕಿವಿಗೆ ಬಿದ್ದ ಕನ್ನಡವನ್ನು ಮರಾಠಿ ಲಿಪಿಯಲ್ಲಿ ಪಟ್ಟಿಯ ಮೇಲೆ ಬರೆದರು. ದಿನಕ್ಕೊಂದು ಚಿತ್ರ. ಮೊಲ ಬಂದು ಪಕ್ಕದಲ್ಲಿ ಕೂತಿತು, ಮಂಗ ಹಣ್ಣು ತಂದಿತು, ಆಮೆ ಏನೂ ತರದೆ ಸುಮ್ಮನೆ ಜೊತೆಗೆ ನಡೆಯಿತು...

ಕೊನೆಯ ಚಿತ್ರದಲ್ಲಿ ಮರಿ ಹೊಳೆಯ ದಂಡೆಯಲ್ಲಿ ನಿಂತಿತ್ತು.

"ಅಪ್ಪ ಬರೂದಿಲ್ಲ," ಎಂದೆ.

ಪೆನ್ಸಿಲ್ ನಿಂತಿತು. ಅಷ್ಟು ದಿನ ಅವರು ಕೇಳಿದ್ದು ಬರೀ ಅವ್ವ, ಅವ್ವ.

"ಅಪ್ಪ ಮ್ಹಣಜೇ?" ಅಪ್ಪ ಎಂದರೆ?

"ಮಾಝೇ ವಡೀಲ್." ನನ್ನ ತಂದೆ.

ಎಂಟು ತಿಂಗಳ ಮೇಲೆ ಶಾಲೆಯಲ್ಲಿ ನಾನಾಡಿದ ಮೊದಲ ಮರಾಠಿ ಮಾತು ಅದು. ಅಕ್ಕೋರು ಸಮಾಧಾನ ಹೇಳಲಿಲ್ಲ. ಪೆನ್ಸಿಲನ್ನು ನನ್ನ ಕೈಗಿತ್ತರು; ಆ ಪಟ್ಟಿಯನ್ನು ನಾನೇ ಬರೆದೆ. ಪುಸ್ತಕವನ್ನೂ ನನಗೇ ಕೊಟ್ಟರು. ಆ ವರ್ಷ ಪಾಸಾದೆ. ಮೆಟ್ರಿಕ್ ಮುಗಿಯುವತನಕ ಅವರು ನನ್ನ ಬೆನ್ನು ಬಿಡಲಿಲ್ಲ.

ಹೋದ ವಾರ ಆ ಕೊನೆಯ ಪಟ್ಟಿ ತಾನಾಗಿಯೇ ಕಿತ್ತು ಬಂತು. ಕೆಳಗೆ ಅಚ್ಚಾಗಿದ್ದುದು ಇಷ್ಟು: ಮರಿಗೆ ಹೊಸ ತಾಯಿ ಸಿಕ್ಕಳು, ಅದು ದುಃಖವನ್ನೆಲ್ಲ ಮರೆಯಿತು. ಇದಕ್ಕೇ ಮುಚ್ಚಿದಿರೇನ್ರಿ ಎಂದು ಕೇಳೋಣವೆಂದರೆ ಅವರಿಲ್ಲ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗಲೇ ಹೋಗಿಬಿಟ್ಟರು...

ಅದಾದ ಮರುವರ್ಷ ಕಾಲೇಜಿನ ಕಾರಕೂನ ಪದವಿಪತ್ರವನ್ನು ನನ್ನ ಕೈಗಿಟ್ಟ. ನಮ್ಮ ವಂಶಕ್ಕೇ ಮೊದಲನೆಯದು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಇಸಿದುಕೊಂಡಳು. ಅವಳಿಗೆ ಓದು ಬಾರದು. ನನ್ನ ಹೆಸರಿನ ಪಕ್ಕ ಅಪ್ಪನ ಹೆಸರಿರುವುದನ್ನು ಬೆರಳಿಟ್ಟು ತೋರಿಸಿದೆ. ಅದನ್ನು ಮೆಲ್ಲಗೆ ಸವರಿದಳು. ಹಾಳೆ ತಿರುವಿ ಹಿಂಬದಿಯನ್ನೂ ನೋಡಿದಳು.

"ಅಕ್ಕೋರ ಹೆಸರು ಎಲ್ಲೈತಿ? ತೋರಸು," ಎಂದಳು.