ಕೌದಿಗೆ ಉಣಿಸಿದ ಬಾಯವ್ವ

ಯರಗಟ್ಟಿಯಲ್ಲಿ ನನ್ನ ಬಟ್ಟೆ ಅಂಗಡಿಯ ಮಗ್ಗುಲಿಗೇ ಬಾಯವ್ವನ ಕೌದಿ ಕೋಣೆ. ಹಳೆ ಸೀರೆ, ನನ್ನ ಅಂಗಡಿಯ ತುಂಡುಬಟ್ಟೆ ಕೂಡಿಸಿ ಏಳು ಹೆಂಗಸರು ಅಲ್ಲಿ ಕೌದಿ ಹೊಲಿಯುತ್ತಾರೆ. ಬಾಯವ್ವ ಒಡತಿ, ಆದರೆ ಒಡತಿಯ ಗತ್ತು ಅವಳಿಗೆ ಇಂದಿಗೂ ಬಂದಿಲ್ಲ. ಪ್ರತಿ ಕೌದಿಯ ಒಂದು ಮೂಲೆ ಹೊಲಿಯುವವಳದು. ಅಲ್ಲಿ ಏನು ಹೊಲಿದರೂ ಬಾಯವ್ವ ನಡುವೆ ಬಾಯಿ ಹಾಕುವುದಿಲ್ಲ.

"ಹೇಳಿದಂಗ ಹೊಲ್ಯಾಕ ಮಷೀನ್ ಐತಿ. ನೀವ್ಯಾಕ ಬೇಕು?" ಎನ್ನುತ್ತಾಳೆ.

ಮುಗಿದ ಕೌದಿ ಹಸಿದಿರಬಾರದೆಂದು ಆ ಮೂಲೆಯಲ್ಲಿ ಚೂರು ಒಣರೊಟ್ಟಿ ಇಟ್ಟು ಹೊಲಿಯುವುದು ಅವರ ರೂಢಿ. ಕಳೆದ ವರ್ಷ ಬೆಳಗಾವಿಯ ಅಂಗಡಿಯಾಕೆಯೊಬ್ಬಳು ನಲವತ್ತು ಕೌದಿ ಕೊಳ್ಳುವ ಮಾತಾಡಿ, ನೋಡಲು ಮೊದಲು ಒಂದನ್ನು ತರಿಸಿಕೊಂಡಳು. ಹೊಲಿದವಳು ಲಗಮವ್ವ. ದೊಡ್ಡ ಊರಿಗೆ ಹೋಗುವ ಕೌದಿಗೆ ಬರೀ ರೊಟ್ಟಿ ಏನು ಚೆಂದ ಎಂದು ಹೋಳಿಗೆಯನ್ನೇ ಇಟ್ಟುಬಿಟ್ಟಳು!

ಕೌದಿ ಕಳಿಸಿದ ನಾಲ್ಕನೇ ದಿನ ಬೆಳಗಾವಿಯಿಂದ ಫೋನು ಬಂತು. "ಬಾಯವ್ವಾರ, ಅಂಗಡಿ ತುಂಬ ಇರವಿ! ಎಂಟು ದಿನದಾಗ ಬ್ಯಾರೆ ಕಳಸ್ರಿ. ಇಲ್ಲಂದ್ರ ಈ ಮಾತು ಬಿಟ್ಟಬಿಡೂಣು."

ನಲವತ್ತು ಕೌದಿಯೆಂದರೆ ಏಳು ಮನೆಗೆ ಮಳೆಗಾಲದವರೆಗೆ ಕೆಲಸ. ನಾನಾಗಿದ್ದರೆ ಲಗಮವ್ವನನ್ನು ಅಂದೇ ಮನೆಗೆ ಕಳಿಸುತ್ತಿದ್ದೆ. ಹಾಗೆಂದು ಹೇಳಿಯೂ ಹೇಳಿದೆ. "ಇನ್ನ ಮ್ಯಾಲ ಮೂಲ್ಯಾಗ ಏನ ಇಡಬೇಕಂತನೂ ನೀವ ಹೇಳ್ರಿ, ಅಕ್ಕಾರ" ಎಂದಳು ಹೊಲಿಯುವವರಲ್ಲಿ ಹಿರಿಯಳಾದ ಸಾವಿತ್ರೆವ್ವ. ಬಾಯವ್ವ ಲಗಮವ್ವನ ಮುಂದೆ ಚಹಾ ಇಟ್ಟಳು.

"ಇರವಿ ಕರದಾಕಿ ನೀನ. ದಾರಿನೂ ಮೊದಲ ನೀನ ಹೇಳು. ತಪ್ಪಿದ್ರ ನಗತೇವಿ, ಬೈಯೂದಿಲ್ಲ."

ಚಹಾ ಆರಿತು. ಕೊನೆಗೆ ಲಗಮವ್ವ ಮೆಲ್ಲಗೆ, "ಕೌದಿಗೆ ಉಣ್ಣಾಕ ಹಾಕೂದ ಬಿಡಬಾರದ್ರಿ. ಬಟ್ಟಿದ ಹೋಳಿಗಿ ಮಾಡಿ ಹಚ್ಚಿದ್ರ?" ಎಂದಳು.

ಎಲ್ಲರೂ ನಕ್ಕರು. ನಗುತ್ತಲೇ ಸಾವಿತ್ರೆವ್ವ ಬಿಳಿ ಬಟ್ಟೆಯಿಂದ ರೊಟ್ಟಿ ಕತ್ತರಿಸಿದಳು. ಇನ್ನೊಬ್ಬಳು ನೇರಳೆ ತುಂಡಿನಿಂದ ಬದನೆಕಾಯಿ ಮಾಡಿದಳು. ಮತ್ತೊಬ್ಬಳು ನನ್ನ ಅಂಗಡಿಯ ಹೊಸ ಹಸಿರು ಬಟ್ಟೆಯ ಥಾನಿಗೇ ಕತ್ತರಿ ಹಾಕಿ ಮೆಣಸಿನಕಾಯಿ ತೆಗೆದಳು! ನಾನು ಹಾರಾಡಿದೆ. "ಇಲ್ಲಿ ಬೈಯೂಹಂಗಿಲ್ರಿ, ಅಣ್ಣಾರ" ಎಂದಳು ಆಕೆ.

ಫೋನು ಬಂದ ಆರನೇ ದಿನ ಹೊಸ ಕೌದಿ ಬಸ್ಸೇರಿತು, ಮೂಲೆಯಲ್ಲಿ ಬಟ್ಟೆಯ ಊಟ ತುಂಬಿದ ತಾಟಿನೊಂದಿಗೆ. ಮತ್ತೆ ಫೋನು ಬಂದಾಗ ಏಳೂ ಸೂಜಿಗಳು ನಿಂತವು.

"ನಲವತ್ತೂ ಕಳಸ್ರಿ. ಒಂದೊಂದರಾಗ ಒಂದೊಂದು ಊಟ ಇರಲಿ. ಈ ವಿಚಾರ ಯಾರದ್ರಿ?"

ಬಾಯವ್ವ ಫೋನನ್ನು ಲಗಮವ್ವನ ಕಿವಿಗೆ ಹಿಡಿದಳು. "ನಂದರಿ" ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಉಳಿದ ಹಸಿರು ಥಾನನ್ನು ನಾನೇ ಹೊತ್ತು ಒಯ್ದು ಕೊಟ್ಟೆ. ನಲವತ್ತು ಊಟಕ್ಕೆ ಮೆಣಸಿನಕಾಯಿ ಬೇಕಲ್ಲ.