ಬಸಿಲಿಸಿಯೊ ತೆಗೆಯದೆ ಬಿಟ್ಟ ರಕ್ತ

ತಾಕುಅರೆಂಬೊ ಗುಡ್ಡಗಾಡಿನಲ್ಲಿ ಬಸಿಲಿಸಿಯೊ ಬೆಂತಾಂಕೋರನ ಬಾಯಿಗೆ ಲಗಾಮು ಹಾಕಬಲ್ಲ ಸವಾರ ಇನ್ನೂ ಹುಟ್ಟಿರಲಿಲ್ಲ. ಅವನು ಕೆಮ್ಮಿದರೆ ಬ್ರೆಜಿಲ್ ಗಡಿಯಾಚೆಯ ಹೋರಿಗಳು ಮಂಡಿಯೂರುತ್ತಿದ್ದವು. ಒಮ್ಮೆ ಅವನು ಎಸೆದ ಹಗ್ಗದ ಕುಣಿಕೆ ಎಷ್ಟು ದೂರ ಹೋಯಿತೆಂದರೆ, ಅದರಲ್ಲಿ ಸಿಕ್ಕ ಹಸುವನ್ನು ಎಳೆದು ತರುವಷ್ಟರಲ್ಲಿ ಅದು ಗಬ್ಬವಾಗಿ, ದಾರಿಯಲ್ಲೇ ಕರು ಹಾಕಿತ್ತು. ಇವೆಲ್ಲ ಅವನೇ ಹೇಳಿದ್ದು. ಮಾಂಸದ ದನ ಸಾಕುವ ದೊಡ್ಡ ಎಸ್ಟೇಟೊಂದರ ಮೇಸ್ತ್ರಿ ಅವನು. ಅಂಗಡಿಕಟ್ಟೆಯಲ್ಲಿ ಕೇಳುವ ಕಿವಿಗಳಿಗೆ ಬರವಿರಲಿಲ್ಲ.

ಹೇಳದೆ ಬಿಟ್ಟದ್ದು ಒಂದೇ ಒಂದು. ಹಿಂದಿನ ವರ್ಷ ಆಗತಾನೇ ಈದ ಹಸುವೊಂದು ಅವನನ್ನು ಬೇಲಿಯಾಚೆಗೆ ಎಸೆದಿತ್ತು. ಅಂದಿನಿಂದ, ಕರು ಜೊತೆಗಿರುವ ಹಸುವಿನ ಬಳಿ ಕುದುರೆಯಿಂದ ಇಳಿಯಲು ಅವನ ಕಾಲು ಒಪ್ಪುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿ ಸುಲ್ಮಾಗೆ ಮಾತ್ರ. ಅವನ ಬೆನ್ನಿಗೆ ಎಣ್ಣೆ ತಿಕ್ಕಿದವಳು ಅವಳೇ.

ಆ ಸೀಮೆಗೆ ಚಳಿಗಾಲವಾದ ಆಗಸ್ಟಿನಲ್ಲಿ, ಎಳೆ ಓಟ್ಸ್ ಹೊಲದಲ್ಲಿ ಮೇಯುತ್ತಿದ್ದ ಬಾಣಂತಿ ಹಸುವೊಂದು ಗಡಗಡ ನಡುಗಿ, ಕಾಲು ಬಡಿದು ಸತ್ತಿತು. ದನದ ಡಾಕ್ಟರು ಮಿರ್ತಾ ಬಂದು ನೋಡಿದಳು.

"ರಕ್ತದಲ್ಲಿ ಮೆಗ್ನೀಸಿಯಂ ಇಳಿದಿದೆ ಅಂತ ನನ್ನ ಗುಮಾನಿ, ದೋನ್ ಬಸಿಲಿಸಿಯೊ. ಎಳೇ ಮೇವಲ್ಲಿ ಅದು ಕಮ್ಮಿ, ಇರೋದೂ ಹಾಲಲ್ಲಿ ಹರಿದು ಹೋಗತ್ತೆ. ವಯಸ್ಸಾದ ಹಸುಗೆ ಮೂಳೆಯಿಂದ ವಾಪಸ್ ತಕ್ಕೊಳ್ಳೋ ತಾಕತ್ತೂ ಇರಲ್ಲ. ನಂಗೆ ಮುದಿ ಬಾಣಂತಿಗಳ ರಕ್ತ ಬೇಕು. ಅವುಗಳದ್ದೇ ಬೇಕು."

ಹೊಳೆ ಏರುತ್ತಿತ್ತು, ಅದು ತುಂಬುವಷ್ಟರೊಳಗೆ ಅವಳು ದಾಟಬೇಕಿತ್ತು. ಬಾಲದ ಬುಡದಿಂದ ರಕ್ತ ತೆಗೆಯುವುದು ಬಸಿಲಿಸಿಯೊಗೆ ಬರುತ್ತಿದ್ದುದರಿಂದ ಟ್ಯೂಬುಗಳನ್ನು ಅವನ ಕೈಗಿಟ್ಟಳು.

"ಚಿಂತೆ ಬಿಡಿ ಡಾಕ್ಟ್ರಮ್ಮ. ನನ್ನ ಕಂಡ್ರೆ ಹಸುಗಳು ತಾವೇ ಬಾಲ ಎತ್ಕೊಂಡು ಸಾಲಾಗಿ ನಿಲ್ತವೆ."

ಮರುದಿನ ಹೊಲದ ಬಾಗಿಲಲ್ಲಿ ಒಂದು ಮುದಿ ಹಸು ತಲೆ ತಗ್ಗಿಸಿ, ನೆಲ ಕೆರೆದು, ಅವನನ್ನೇ ನೋಡಿತು. ಬಸಿಲಿಸಿಯೊ ಕುದುರೆ ತಿರುಗಿಸಿದ. ಮನೆಯ ಪಕ್ಕದ ದೊಡ್ಡಿಯಲ್ಲಿ ಬೀಜ ಒಡೆದ ಎಳೆ ಹೋರಿಗಳೂ ಇನ್ನೂ ಗಬ್ಬವಾಗದ ಕಡಸುಗಳೂ ಸಾಧುವಾಗಿ ನಿಂತಿದ್ದವು. ಅದೇ ಮಂದೆ, ಅದೇ ತಳಿ, ಅದೇ ಕೆಂಪು. ರಕ್ತಕ್ಕೇನು ವಯಸ್ಸು ಅಂಟಿರುತ್ತದೆಯೇ, ಗಂಡು ಹೆಣ್ಣು ಎಂದು ಬರೆದಿರುತ್ತದೆಯೇ ಎಂದುಕೊಂಡ. ಟ್ಯೂಬುಗಳು ತುಂಬಿ, ದೋಣಿಯವನ ಕೈಯಲ್ಲಿ ಹೊಳೆ ದಾಟಿ ಲ್ಯಾಬಿಗೆ ಹೋದವು.

ಮಿರ್ತಾಳ ಫೋನು ಬಂತು. ಮೆಗ್ನೀಸಿಯಂ ಚೆನ್ನಾಗಿದೆ, ಹಸುಗಳು ಓಟ್ಸ್ ಹೊಲದಲ್ಲೇ ಇರಲಿ, ವಿಷದ ಗಿಡವೇನಾದರೂ ಇದೆಯೇ ಹುಡುಕಿ ಎಂದಳು. ಅವನು ಇಲ್ಲದ ಗಿಡವನ್ನು ಹುಡುಕಿದ. ಎಷ್ಟು ಶ್ರದ್ಧೆಯಿಂದ ಎಂದರೆ ಹುಲ್ಲಿನ ಗರಿಗಳೇ ನಾಚಿ ಪಕ್ಕಕ್ಕೆ ಸರಿದವು. ಹುಡುಕುತ್ತಿರುವಾಗಲೇ ಇನ್ನೊಂದು ಹಸು ಸತ್ತಿತು. ಬಾಗಿಲಲ್ಲಿ ನೆಲ ಕೆರೆದಿತ್ತಲ್ಲ, ಅದೇ. ಅದರ ಕರು ತಣ್ಣಗಾದ ಕೆಚ್ಚಲನ್ನು ಗುದ್ದುತ್ತಲೇ ಇತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದು ಹಿತ್ತಿಲಲ್ಲಿ ಕಟ್ಟಿದ.

"ಲೋ ಮುದುಕಾ, ಹುರಿದ ಮಾಂಸ ಹಂಗೇ ಬಿಟ್ಟಿದೀಯ. ಹೊಟ್ಟೇಲೇನಿದೆ?" ಎಂದಳು ಸುಲ್ಮಾ.

"ಏನಿಲ್ಲ."

"ನೀನು ಒಂದೇ ಮಾತಲ್ಲಿ ಉತ್ತರ ಕೊಟ್ಟೆ ಅಂದ್ರೆ ಏನೋ ಭಾರೀದೇ ಇದೆ."

ಹೊಳೆ ಇಳಿದ ಮೇಲೆ ಮಿರ್ತಾ ಬಂದಳು. ಅಡುಗೆಮನೆಯಲ್ಲಿ ಮಾಟೆ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು.

"ವಿಚಿತ್ರ ಕಣ್ರೀ. ಲ್ಯಾಬಿನ ಪೂರ್ತಿ ವರದಿ ಈಗ ಬಂತು. ನಿಮ್ಮ ಮುದಿ ಹಸುಗಳ ರಕ್ತದಲ್ಲಿ ರಂಜಕ, ಅದೇ ಫಾಸ್ಫರಸ್ಸು, ಬೆಳೆಯೋ ಕರುಗಳಲ್ಲಿ ಇರೋಷ್ಟು ಏರಿದೆ. ಮೂಳೆ ಬೆಳೆಯೋ ಲಕ್ಷಣಾನೂ ಇದೆ. ಅಜ್ಜೀರಿಗೆ ಹಾಲುಹಲ್ಲು ಬಂದಂಗಾಯ್ತು! ಏನು ತಿನ್ನಿಸ್ತೀರಿ?"

"ನಮ್ಮ ಓಟ್ಸ್ ತಿಂದ್ರೆ ನಮ್ಮತ್ತೇನೂ ಮತ್ತೆ ಲಂಗ ತೊಟ್ಟು ಕುಣೀತಾಳೆ, ಡಾಕ್ಟ್ರಮ್ಮ," ಎಂದಿತು ಅವನ ನಾಲಿಗೆ, ಅವನನ್ನು ಕೇಳದೆಯೇ.

ಮಿರ್ತಾ ನಕ್ಕಳು. ಸುಲ್ಮಾ ನಗಲಿಲ್ಲ.

"ಲ್ಯಾಬಿನ ಹುಡುಗಿ ಟ್ಯೂಬ್ ಅದಲು ಬದಲು ಮಾಡಿರ್ಬೇಕು. ಈಗ್ಲೇ ಝಾಡಿಸ್ತೀನಿ ಇರಿ." ಮಿರ್ತಾ ಫೋನು ಎತ್ತಿಕೊಂಡಳು.

ಹಿತ್ತಿಲಲ್ಲಿ ಕರು ಕೂಗಿತು.

"ಬೇಡಿ," ಎಂದ ಬಸಿಲಿಸಿಯೊ. "ಆ ಹುಡುಗೀದೇನೂ ತಪ್ಪಿಲ್ಲ. ಅದು ಹೋರಿಗಳದ್ದು, ಕಡಸುಗಳದ್ದು. ಬಾಣಂತಿಗಳನ್ನ ನಾನು ಮುಟ್ಲೇ ಇಲ್ಲ."

"ಯಾಕೆ?"

ಬೆಟ್ಟಗಳನ್ನು ಎತ್ತಿ ಇಳಿಸಿದ್ದ ನಾಲಿಗೆ ಈ ಸಲ ಒಂದೇ ಒಂದು ಪುಟ್ಟ ಮಾತು ಎತ್ತಿತು.

"ಭಯ," ಎಂದ.

ಮಿರ್ತಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. "ನಡೀರಿ ಹೊಲಕ್ಕೆ," ಎಂದಳು ಅಷ್ಟೇ.

ಹೊಲದಲ್ಲಿ ಆಗಲೇ ಮತ್ತೊಂದು ಬಿದ್ದು ನಡುಗುತ್ತಿತ್ತು, ಕರು ಪಕ್ಕದಲ್ಲೇ ನಿಂತಿತ್ತು. ಬಸಿಲಿಸಿಯೊ ಕುದುರೆ ಮೇಲಿಂದಲೇ ಉಳಿದವನ್ನು ಒಣಹುಲ್ಲಿನ ಬಯಲಿಗೆ ಅಟ್ಟಿದ; ಮಿರ್ತಾ ಬಿದ್ದ ಹಸುವಿನ ಕತ್ತಿನ ನರಕ್ಕೆ ಔಷಧ ಬಿಡತೊಡಗಿದಳು.

"ಬೇಗ ಬಿಟ್ರೆ ಎದೆ ನಿಂತೋಗತ್ತೆ. ತಲೆ ಯಾರಾದ್ರೂ ಅಲ್ಲಾಡದಂಗೆ ಹಿಡೀಬೇಕು."

ಬಸಿಲಿಸಿಯೊ ಕುದುರೆಯಿಂದಿಳಿದ. ಕೆಸರಿನಲ್ಲಿ ಮಂಡಿಯೂರಿ, ಆ ಕೊಂಬಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಬಾಟಲಿ ಖಾಲಿಯಾಗುವಷ್ಟರಲ್ಲಿ ತಾನು ಮತ್ತೆರಡು ಸಲ ಮುದುಕನಾದೆನೆಂದು ಅವನಿಗನಿಸಿತು.

ಎಷ್ಟೋ ಹೊತ್ತಿನ ಮೇಲೆ ಹಸು ಎದ್ದಿತು. ಕರುವನ್ನು ನೋಡಿತು, ಬಸಿಲಿಸಿಯೊನನ್ನು ನೋಡಿತು, ಒಂದೇ ಗುದ್ದಿಗೆ ಅವನನ್ನು ಕೆಸರಿಗೆ ಕೆಡವಿತು.

"ಔಷಧಿ ನಾಟಿದೆ," ಎಂದಳು ಮಿರ್ತಾ.

ತನಗೆ ಸಲ್ಲಬೇಕಾದ್ದಕ್ಕಿಂತ ಇದು ಕಮ್ಮಿಯೇ ಎನಿಸಿ, ಅವನು ಸ್ವಲ್ಪ ಹೊತ್ತು ಅಲ್ಲೇ ಬಿದ್ದಿದ್ದ.

ಭಾನುವಾರ ಅಂಗಡಿಕಟ್ಟೆಯಲ್ಲಿ ಎಲ್ಲರೂ ಅವನನ್ನು ಮುತ್ತಿದರು. "ಹೊಸದೇನು ಬಿಡ್ತೀಯೋ, ಬಸಿಲಿಸಿಯೊ?"

"ಒಂದು ಹಸುಗೆ ಹೆದರಿ ಓಡೋದೆ. ಹಂಗಾಗಿ ಅದು ಸತ್ತೋಯ್ತು."

ಕಟ್ಟೆಗೆ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಸಿಲಿಸಿಯೊ, ಹಸುಗೆ ಹೆದರೋದಾ! ಇಷ್ಟು ವರ್ಷದಲ್ಲಿ ಇಷ್ಟು ದೊಡ್ಡ ಸುಳ್ಳು ಕೇಳಿರಲಿಲ್ಲವೆಂದರು; ಇನ್ನೊಂದು ಸಲ ಹೇಳೆಂದು ಅಂಗಲಾಚಿದರು. ಅವನು ಇನ್ನೊಂದು ಸಲ ಹೇಳಿದ. ಯಾರೂ ನಂಬಲಿಲ್ಲ.

ಕರುವಿಗೆ ಬಾಟಲಿ ಹಾಲು ಕುಡಿಸುವ ಹೊತ್ತಾಗಿತ್ತು. ಅವನು ಎದ್ದು ಮನೆಗೆ ಹೊರಟ.